ಘಾಟಿ ಹತ್ತುವಾಗ ಮಾತ್ರ ಹಳೆಯ ಪಿಕಪ್ ಬಿಸಿಯಾಗುತ್ತದೆ, ಥರ್ಮೋಸ್ಟಾಟ್ ತೆಗೆಸಬಹುದೇ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಇಪ್ಪತ್ತು ವರ್ಷ ದಾಟಿದ ಡೀಸೆಲ್ ಪಿಕಪ್. ಸುಳ್ಯದಲ್ಲಿ ಗೊಬ್ಬರ ತುಂಬಿಕೊಂಡು ಸಂಪಾಜೆ ಘಾಟಿ ಹತ್ತಿದರೆ, ಜೋಡುಪಾಲ ಕಳೆದು ಮದೆನಾಡು ಮುಟ್ಟುವಷ್ಟರಲ್ಲಿ ಉಷ್ಣತೆ ತೋರಿಸುವ ಮುಳ್ಳು ಕೆಂಪು ಗೆರೆಗೆ ಹೋಗುತ್ತದೆ. ಕುಶಾಲನಗರದ ಕಡೆ ಎಷ್ಟು ಓಡಿಸಿದರೂ ಏನೂ ಇಲ್ಲ. ಗ್ಯಾರೇಜಿನವರು ಥರ್ಮೋಸ್ಟಾಟ್, ಅಂದರೆ ಎಂಜಿನ್ ಬಿಸಿಯಾದ ಮೇಲೆ ತೆರೆದು ನೀರನ್ನು ರೇಡಿಯೇಟರಿಗೆ ಬಿಡುವ ಕವಾಟ, ತೆಗೆದರೆ ಸರಿಹೋಗುತ್ತದೆ ಎನ್ನುತ್ತಿದ್ದಾರೆ.

ದಯವಿಟ್ಟು ತೆಗೆಸಬೇಡಿ. ಮಡಿಕೇರಿಯ ಹತ್ತಿರ ನಮ್ಮದೊಂದು ಸಣ್ಣ ಕಾಫಿ ತೋಟವಿದೆ, ನನ್ನದೂ ಅಂಥದೇ ಹಳೆಯ ಗಾಡಿ. ಇದೇ ಸಲಹೆ ಕೇಳಿ ನಾನೂ ತೆಗೆಸಿದ್ದೆ. ಡಿಸೆಂಬರಿನ ಚಳಿಯಲ್ಲಿ ಎಂಜಿನ್ ಬಿಸಿಯೇರಲು ಅರ್ಧ ದಾರಿ ಬೇಕಾಯಿತು, ಹೊಗೆ ಹೆಚ್ಚಿತು, ಡೀಸೆಲ್ ಹೆಚ್ಚು ಕುಡಿಯಿತು. ಘಾಟಿಯಲ್ಲಿ ಮುಳ್ಳು ಮೊದಲಿನಂತೆಯೇ ಕೆಂಪಿಗೆ ಹೋಯಿತು. ಕೆಲವು ಎಂಜಿನ್‌ಗಳಲ್ಲಿ ಥರ್ಮೋಸ್ಟಾಟ್ ತೆರೆದಾಗ ಬೈಪಾಸ್ ದಾರಿಯನ್ನು (ನೀರು ರೇಡಿಯೇಟರಿಗೆ ಹೋಗದೆ ಎಂಜಿನ್ನಿಗೇ ಮರಳುವ ದಾರಿ) ಮುಚ್ಚುವುದೂ ಅದೇ. ಅದನ್ನು ತೆಗೆದರೆ ಬಿಸಿ ನೀರಿನ ಒಂದು ಪಾಲು ರೇಡಿಯೇಟರ್ ಕಡೆಗೆ ಹೋಗದೆ ಎಂಜಿನ್ನಿನಲ್ಲೇ ಸುತ್ತುತ್ತದೆ. ಹಾಗಾದಾಗ ತೊಂದರೆ ಇನ್ನೂ ಹೆಚ್ಚುತ್ತದೆ.

ಅನುಮಾನವಿದ್ದರೆ ಬಿಚ್ಚಿ ಪರೀಕ್ಷಿಸಿ. ಪಾತ್ರೆಯ ನೀರಿನಲ್ಲಿ ದಾರ ಕಟ್ಟಿ ಇಳಿಬಿಟ್ಟು ಕಾಯಿಸಿ. ಅದರ ಮೇಲೆ 82 ಎಂದು ಬರೆದಿದ್ದರೆ ಆ ಉಷ್ಣತೆಯ ಸುತ್ತಮುತ್ತ ತೆರೆಯಲು ಶುರುವಾಗಬೇಕು, ನೀರು ಕುದಿಯುವ ಹೊತ್ತಿಗೆ ಪೂರ್ತಿ ತೆರೆದಿರಬೇಕು. ತೆರೆಯದಿದ್ದರೆ ಹೊಸದು ಹಾಕಿಸಿ, ಜಾಗವನ್ನು ಖಾಲಿ ಬಿಡಬೇಡಿ.

ಈಗ ಘಾಟಿಯ ವಿಷಯ. ಸಂಪಾಜೆಯಿಂದ ಮಡಿಕೇರಿಗೆ ಬರುವಷ್ಟರಲ್ಲಿ ನಾವು ಹೆಚ್ಚುಕಡಿಮೆ ಒಂದು ಸಾವಿರ ಮೀಟರ್ ಮೇಲೇರುತ್ತೇವೆ. ಎತ್ತರ ಹೆಚ್ಚಿದಂತೆ ಗಾಳಿಯ ಒತ್ತಡ ಕಡಿಮೆಯಾಗುತ್ತದೆ, ನೀರು ಬೇಗ ಕುದಿಯುತ್ತದೆ. ಮಂಗಳೂರಿನಲ್ಲಿ 100 ಡಿಗ್ರಿಗೆ ಕುದಿಯುವ ನೀರು ಮಡಿಕೇರಿಯ ಒಲೆಯ ಮೇಲೆ ಸುಮಾರು 96ಕ್ಕೇ ಕುದಿಯುತ್ತದೆ. ರೇಡಿಯೇಟರ್ ಮುಚ್ಚಳ ಇರುವುದು ಇದನ್ನು ತಡೆಯಲಿಕ್ಕೆ. ಮುಚ್ಚಳದ ಮೇಲೆ 0.9 (ಬಾರ್ ಲೆಕ್ಕದಲ್ಲಿ) ಅಥವಾ 13 (ಪಿಎಸ್‌ಐ ಲೆಕ್ಕದಲ್ಲಿ) ಎಂದು ಇದ್ದರೆ ಅದು ಒಳಗಿನ ಒತ್ತಡವನ್ನು ಅಷ್ಟರಮಟ್ಟಿಗೆ ಹಿಡಿದಿಡುತ್ತದೆ, ಮಡಿಕೇರಿಯಲ್ಲೂ ಬರಿಯ ನೀರು 115 ಡಿಗ್ರಿಯವರೆಗೆ ಕುದಿಯುವುದಿಲ್ಲ. ಮುಚ್ಚಳದ ರಬ್ಬರ್ ಸತ್ತು ಒತ್ತಡ ಸೋರಿದರೆ ಅಷ್ಟೂ ರಕ್ಷಣೆ ಹೋಯಿತು. ಬಯಲಿನಲ್ಲಿ ಎಂಜಿನ್ 90ರ ಆಸುಪಾಸಿನಲ್ಲೇ ಓಡುವುದರಿಂದ ಈ ದೋಷ ಗೊತ್ತಾಗುವುದಿಲ್ಲ, ಭಾರ ಹೊತ್ತು ಮೇಲೇರಿದಾಗ ಹೊರಬೀಳುತ್ತದೆ. ಆದ್ದರಿಂದ ಮೊದಲು ಮುಚ್ಚಳ ಬದಲಿಸಿ, ಅದೇ ಸಂಖ್ಯೆಯದನ್ನೇ ಹಾಕಿಸಿ. ಈ ಇಡೀ ಕೆಲಸದಲ್ಲಿ ಇದಕ್ಕಿಂತ ಅಗ್ಗದ ಭಾಗ ಇನ್ನೊಂದಿಲ್ಲ.

ನನ್ನ ಗಾಡಿಯಲ್ಲಿ ಮುಚ್ಚಳವೊಂದೇ ಕಾರಣವಾಗಿರಲಿಲ್ಲ. ರೇಡಿಯೇಟರ್ ಮುಂದಿನಿಂದ ಕನ್ನಡಿಯಂತೆ ಚೊಕ್ಕಟವಾಗಿತ್ತು. ಆದರೆ ಅಲ್ಲಿ ಕಾಣುತ್ತಿದ್ದುದು ರೇಡಿಯೇಟರಿನ ಮುಂದೆ ಅದರಂತೆಯೇ ಕೂರುವ ಏಸಿಯ ಕಂಡೆನ್ಸರ್. ಅದನ್ನು ಬಿಚ್ಚಿದ ಮೇಲೆ ನೋಡಿದರೆ, ಎರಡರ ನಡುವೆ ಕಾಫಿ ಸಿಪ್ಪೆ, ಹುಲ್ಲಿನ ಬೀಜ, ಕೆಮ್ಮಣ್ಣು ಸೇರಿ ಕಂಬಳಿಯಂತೆ ಕೂತಿತ್ತು. ಕೊಯ್ಲಿನ ಕಾಲದಲ್ಲಿ ಕಣದ ಪಕ್ಕದಲ್ಲೇ ಗಾಡಿ ನಿಲ್ಲುತ್ತದೆ, ಫ್ಯಾನ್ ಎಲ್ಲವನ್ನೂ ಒಳಗೆಳೆಯುತ್ತದೆ. ಘಾಟಿಯಲ್ಲಿ ಎರಡನೇ ಗೇರಿನಲ್ಲಿ ಹತ್ತುವಾಗ ಓಟದ ಗಾಳಿ ಸಿಗುವುದಿಲ್ಲ, ಫ್ಯಾನ್ ಎಳೆಯುವ ಗಾಳಿಯೇ ಗತಿ. ಅದಕ್ಕೂ ದಾರಿ ಮುಚ್ಚಿದ್ದರೆ ಎಂಜಿನ್ ತಣಿಯುವುದು ಹೇಗೆ? ತೊಳೆಯುವಾಗ ಎಂಜಿನ್ ಕಡೆಯಿಂದ ಹೊರಗೆ ಸಣ್ಣ ಒತ್ತಡದಲ್ಲಿ ನೀರು ಬಿಡಿ. ಆಯುಧ ಪೂಜೆಗೆಂದು ವಾಟರ್ ಸರ್ವಿಸ್ ಮಾಡಿಸುವಾಗ ಪೈಪನ್ನು ನೇರವಾಗಿ ಹಿಡಿದರೆ ಆ ತೆಳ್ಳಗಿನ ರೆಕ್ಕೆಗಳು ಮಡಚಿಕೊಳ್ಳುತ್ತವೆ.

ಇಷ್ಟಾದ ಮೇಲೂ ಬಿಸಿಯಾದರೆ ಫ್ಯಾನ್ ಬೆಲ್ಟ್ ಸಡಿಲವಿದೆಯೇ, ಕೆಳಗಿನ ಹೋಸ್ ಮೆತ್ತಗಾಗಿದೆಯೇ ನೋಡಿ. ಆ ಹೋಸಿನಲ್ಲಿ ಪಂಪ್ ನೀರನ್ನು ಎಳೆಯುತ್ತದೆ, ಹಳೆಯದಾದರೆ ವೇಗ ಹೆಚ್ಚಿದಾಗ ಚಪ್ಪಟೆಯಾಗಿ ಅಂಟಿಕೊಳ್ಳುತ್ತದೆ. ನಿಮ್ಮದು ವಿಸ್ಕಸ್ ಫ್ಯಾನ್ (ಬಿಸಿಯಾದಾಗ ಮಾತ್ರ ಗಟ್ಟಿಯಾಗಿ ಹಿಡಿಯುವ ದ್ರವದ ಕ್ಲಚ್ ಇರುವುದು) ಆಗಿದ್ದರೆ, ಎಂಜಿನ್ ಚೆನ್ನಾಗಿ ಬಿಸಿಯಾಗಿರುವಾಗ ಆಫ್ ಮಾಡಿ ನೋಡಿ. ಫ್ಯಾನ್ ಬೇಗ ನಿಲ್ಲಬೇಕು. ಬಹಳ ಹೊತ್ತು ಸಲೀಸಾಗಿ ಸುತ್ತುತ್ತಿದ್ದರೆ ಅದರ ಕ್ಲಚ್ ಹೋಗಿದೆ. ಬ್ರೇಕ್ ಹಿಡಿದುಕೊಂಡಿದೆಯೇ ಎಂಬುದನ್ನೂ ಬಿಡಬೇಡಿ, ಚಕ್ರದ ಡ್ರಮ್ ಬಿಸಿಯಾಗಿದ್ದರೆ ಎಂಜಿನ್ ಅದರ ಭಾರವನ್ನೂ ಎಳೆಯುತ್ತಿದೆ ಎಂದರ್ಥ. ರೇಡಿಯೇಟರ್ ಒಳಗೆ ಕಟ್ಟಿದ್ದರೆ ಅದರ ಮೈ ಕೆಲವೆಡೆ ಬಿಸಿ, ಕೆಲವೆಡೆ ತಣ್ಣಗೆ ಇರುತ್ತದೆ. ತೋಡಿನ ನೀರನ್ನೋ ಬೋರ್‌ವೆಲ್ ನೀರನ್ನೋ ವರ್ಷಗಟ್ಟಲೆ ಸುರಿದ ಗಾಡಿಗಳಲ್ಲಿ ಹೀಗಾಗುತ್ತದೆ. ಇನ್ನು ಮುಂದೆ ಕೂಲಂಟ್ ಮತ್ತು ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ.

ಎಂಜಿನ್ನಿನ ಮೇಲ್ಭಾಗವಾದ ಹೆಡ್‌ಗೂ ಕೆಳಗಿನ ಬ್ಲಾಕಿಗೂ ನಡುವೆ ಇರುವ ಹೆಡ್ ಗ್ಯಾಸ್ಕೆಟ್ ಬಗ್ಗೆ ಒಂದು ಎಚ್ಚರಿಕೆ; ಅದು ಹೋದರೆ ನೀರು ಆಯಿಲ್‌ಗೆ ಸೇರಬಹುದು. ಆಯಿಲ್ ಮುಚ್ಚಳದ ಅಡಿಯಲ್ಲಿ ಹಾಲಿನಂಥ ಕೆನೆ ಕಂಡ ಮಾತ್ರಕ್ಕೆ ಹೆಡ್ ಇಳಿಸಲು ಒಪ್ಪಬೇಡಿ. ನಮ್ಮ ಮಳೆಗಾಲದಲ್ಲಿ ತೋಟದಿಂದ ಪೇಟೆಗೆ ಸಣ್ಣ ಓಡಾಟ ಮಾಡುವ ಗಾಡಿಗಳಲ್ಲಿ ತೇವದಿಂದಲೂ ಹಾಗಾಗುತ್ತದೆ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಬೆಳ್ಳಗಾಗಿದ್ದರೆ, ತಣ್ಣಗಿನ ಎಂಜಿನ್ ಚಾಲು ಮಾಡಿದ ಒಂದೆರಡು ನಿಮಿಷದಲ್ಲೇ ಮೇಲಿನ ಹೋಸ್ ಗಟ್ಟಿಯಾದರೆ, ರೇಡಿಯೇಟರಿನಲ್ಲಿ ಗುಳ್ಳೆ ನಿಲ್ಲದೆ ಬರುತ್ತಿದ್ದರೆ ಆಗ ಚಿಂತಿಸಬೇಕು.

ದಾರಿಯಲ್ಲಿ ಮುಳ್ಳು ಏರತೊಡಗಿದರೆ ಏಸಿ ಆಫ್ ಮಾಡಿ, ಹೀಟರ್ ಇದ್ದರೆ ಪೂರ್ತಿ ಹಾಕಿ, ಜಾಗ ನೋಡಿ ನಿಲ್ಲಿಸಿ. 2018ರ ಆಗಸ್ಟಿನಲ್ಲಿ ಆ ರಸ್ತೆಯಲ್ಲಿ ಗುಡ್ಡ ಕುಸಿದದ್ದನ್ನು ಕಂಡವರು ಮಳೆಗಾಲದಲ್ಲಿ ಗುಡ್ಡ ಕಡಿದ ಬರೆಯ ಕೆಳಗೆ ಗಾಡಿ ನಿಲ್ಲಿಸುವುದಿಲ್ಲ, ನೀವೂ ನಿಲ್ಲಿಸಬೇಡಿ. ಆವಿ ಬರುತ್ತಿಲ್ಲ, ನೀರೂ ಚೆಲ್ಲಿಲ್ಲ ಎಂದಾದರೆ ಎಂಜಿನ್ ಐಡಲ್‌ನಲ್ಲಿ ಓಡುತ್ತಿರಲಿ, ಫ್ಯಾನ್ ತಣಿಸುತ್ತದೆ. ಆವಿ ಎದ್ದಿದ್ದರೆ ತಕ್ಷಣ ಆಫ್ ಮಾಡಿ. ಆವಿ ಬರುತ್ತಿರುವಾಗಲೇ ಮುಳ್ಳು ದಿಢೀರನೆ ಕೆಳಗಿಳಿದರೆ ತಣ್ಣಗಾಯಿತೆಂದು ನಂಬಬೇಡಿ, ಸೆನ್ಸರ್ ಮುಟ್ಟುವಷ್ಟು ನೀರೂ ಉಳಿದಿಲ್ಲದಿರಬಹುದು. ಮೇಲಿನ ಹೋಸನ್ನು ಬರಿಗೈಯಲ್ಲಿ ಆರಾಮವಾಗಿ ಹಿಡಿಯುವಂತಾಗುವವರೆಗೆ ಮುಚ್ಚಳ ಮುಟ್ಟಲೇಬೇಡಿ, ಕುದಿವ ನೀರು ಮುಖಕ್ಕೆ ಹಾರುತ್ತದೆ. ಕಾದ ಎಂಜಿನ್ನಿಗೆ ತಣ್ಣೀರು ಸುರಿದರೆ ಹೆಡ್ ಸೀಳಬಹುದು.

ಮುಂದಿನ ಗೊಬ್ಬರದ ಲೋಡಿಗೆ ಮೊದಲು ಹೊಸ ಮುಚ್ಚಳ ಹಾಕಿಸಿ, ಕಂಡೆನ್ಸರ್ ಇದ್ದರೆ ಬಿಚ್ಚಿಸಿ ತೊಳೆಸಿ. ಆಮೇಲೆ ಒಮ್ಮೆ ಘಾಟಿ ಹತ್ತಿ, ಮರುದಿನ ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ನೀರಿನ ಮಟ್ಟ ಎಷ್ಟು ಇಳಿದಿದೆ ಎಂದು ಇಲ್ಲಿ ಬರೆಯಿರಿ. ಇಳಿದಿದ್ದರೆ ಸೋರಿಕೆಯನ್ನು ಹುಡುಕೋಣ. ಇಳಿಯದೆಯೂ ಬಿಸಿಯಾಗಿದ್ದರೆ ರೇಡಿಯೇಟರ್ ಬಿಚ್ಚಿಸಿ ಒಳಗಿನ ಕೊಳವೆಗಳಿಗೆ ಕಡ್ಡಿ ಹಾಕಿಸಿ ಕಟ್ಟಿದ್ದನ್ನು ತೆಗೆಸಬೇಕಾಗುತ್ತದೆ.