ಓದುಗರ ಪ್ರಶ್ನೆ: ತೆಗೆದುಹಾಕಿದ ಪ್ರಸಂಗವನ್ನು ವಾಪಸ್ ಹಾಕಲೇ?

ಪ್ರಶ್ನೆ: ಹಳ್ಳಿಯ ಕನ್ನಡ ಮಾಧ್ಯಮದಲ್ಲಿ ಎಸ್‌ಎಸ್‌ಎಲ್‌ಸಿ ಮುಗಿಸಿ, ಪಿಯುಸಿ ಸೈನ್ಸ್‌ಗೆ ಮಂಗಳೂರಿನ ಹಾಸ್ಟೆಲ್ ಸೇರಿದ ಹುಡುಗಿಯ ಎರಡು ವರ್ಷದ ಕಥೆ ಬರೆದಿದ್ದೇನೆ. ಮುಕ್ಕಾಲು ಪಾಲು ನನ್ನದೇ. ಗೆಳತಿ ಓದಿ ‘ಡೈರಿ ಇದ್ದ ಹಾಗಿದೆ’ ಎಂದಳು. ಅಮ್ಮ ಭಾನುವಾರ ನೋಡಲು ಬರುತ್ತೇನೆ ಎಂದಾಗ ಟೆಸ್ಟ್ ಇದೆ ಎಂದು ಸುಳ್ಳು ಹೇಳಿ ತಪ್ಪಿಸಿದ ಪ್ರಸಂಗ ಒಂದಿತ್ತು. ಅಮ್ಮ ಓದಿದರೆ ಬೇಜಾರಾಗುತ್ತದೆ ಎಂದು ತೆಗೆದುಹಾಕಿದೆ. ಇನ್ನೇನು ಸರಿಮಾಡಲಿ? ಒಂದು ಅಧ್ಯಾಯ ಕಳಿಸಿದ್ದೇನೆ.
— ಓದುಗಿ, ಶಿರಸಿ

ಉತ್ತರ: ಮೊದಲು ಆ ಪ್ರಸಂಗವನ್ನು ವಾಪಸ್ ಹಾಕಿ. ನೀವು ಕಳಿಸಿದ ಅಧ್ಯಾಯಕ್ಕಿಂತ ಪತ್ರದ ಆ ಒಂದು ಸಾಲೇ ನನಗೆ ಜಾಸ್ತಿ ಹಿಡಿಸಿತು, ನಿಜ ಹೇಳಬೇಕೆಂದರೆ.

ಅಧ್ಯಾಯದಲ್ಲಿ ಎಲ್ಲರೂ ಅವಳಿಗೆ ನೋವು ಕೊಡುತ್ತಾರೆ. ಲೆಕ್ಚರರ್ ಎಲ್ಲರೆದುರು ಬೈಯುತ್ತಾರೆ, ರೂಂಮೇಟ್ ಅವಳ ಇಂಗ್ಲಿಷ್ ಅಣಕಿಸುತ್ತಾಳೆ, ವಾರ್ಡನ್ ಫೋನ್ ಕಿತ್ತುಕೊಳ್ಳುತ್ತಾರೆ. ಅವಳು ಮಾತ್ರ ಯಾರಿಗೂ ಏನೂ ಮಾಡುವುದಿಲ್ಲ, ಕಿಟಕಿ ಪಕ್ಕ ಕೂತು ಅಳುತ್ತಾಳೆ. ಹದಿನಾರರ ವಯಸ್ಸಿನಲ್ಲಿ ಎರಡು ವರ್ಷ ಪೂರ್ತಿ ಹೀಗೆ ಬರೀ ಒಳ್ಳೆಯವರಾಗಿ ಇರಲು ಯಾರಿಗಾದರೂ ಆಗುತ್ತದಾ? ಅಮ್ಮನಿಗೆ ಸುಳ್ಳು ಹೇಳಿದ ಕಡೆ ಅವಳು ಮೊದಲ ಸಲ ತಾನೂ ಒಂದು ಏನೋ ಮಾಡುತ್ತಾಳೆ. ಅಲ್ಲಿಂದ ಓದುಗರು ಅವಳನ್ನು ನಂಬಲು ಶುರುಮಾಡುತ್ತಾರೆ. ಪಾಪ ಅನ್ನಿಸುವ ಪಾತ್ರವನ್ನು ಎಷ್ಟು ಪುಟ ಅಂತ ಓದುವುದು ಹೇಳಿ.

ಇನ್ನೊಂದು. ‘ಅಂದು ನನಗೆ ಬದುಕಿನ ಕ್ರೌರ್ಯದ ಅರಿವಾಯಿತು’ ಎಂದು ಬರೆದಿದ್ದೀರಿ. ಇದು ಈಗಿನ ನಿಮ್ಮ ತೀರ್ಪು, ಆ ಹುಡುಗಿಯದಲ್ಲ. ಅದರ ಬದಲು ಹೀಗೆ ನೋಡಿ: ಲೆಕ್ಚರರ್ ಪ್ರಶ್ನೆ ಕೇಳುತ್ತಾರೆ, ಅವಳಿಗೆ ಉತ್ತರ ಗೊತ್ತು, ಹತ್ತನೇ ಕ್ಲಾಸಿನಲ್ಲೇ ಓದಿದ್ದಾಳೆ, ಆದರೆ ಇಂಗ್ಲಿಷಿನಲ್ಲಿ ಹೇಳಲು ಧೈರ್ಯ ಸಾಲದೆ ಕೈ ಎತ್ತುವುದಿಲ್ಲ. ಪಕ್ಕದವಳು ಅದೇ ಉತ್ತರ ಹೇಳಿ ಕೂತಾಗ ಅವಳಿಗೆ ದುಃಖ ಆಗುವುದಕ್ಕಿಂತ ಹೊಟ್ಟೆಕಿಚ್ಚು ಆಗುತ್ತದೆ, ಮಧ್ಯಾಹ್ನ ಮೆಸ್ಸಿನಲ್ಲಿ ಬೇಕಂತಲೇ ಬೇರೆ ಮೇಜಿಗೆ ಹೋಗಿ ಕೂರುತ್ತಾಳೆ. ಅಷ್ಟು ಬರೆದರೆ ಸಾಕು. ಅರಿವಾದದ್ದು, ಬೆಳೆದದ್ದು, ಪಾಠ ಕಲಿತದ್ದು, ಇವು ಬಂದ ಕಡೆಯೆಲ್ಲ ಪೆನ್ಸಿಲ್‌ನಲ್ಲಿ ಗೆರೆ ಎಳೆಯಿರಿ. ಹೆಚ್ಚಿನವನ್ನು ಹೊಡೆದುಹಾಕಿದರೂ ಕಥೆಗೆ ಏನೂ ಆಗುವುದಿಲ್ಲ.

ಡೈರಿಯ ಮಾತು. ಡೈರಿಯಲ್ಲಿ ಬೇರೆಯವರಿಗೆ ಅವರದೇ ಆದ ದಿನ ಇರುವುದಿಲ್ಲ, ಅವರು ನಮ್ಮ ಪುಟಕ್ಕೆ ಬಂದು ಹೋಗುತ್ತಾರೆ ಅಷ್ಟೆ. ನಿಮ್ಮ ಕಡೆಯಿಂದ ಮಂಗಳೂರಿಗೆ ಬಂದುಹೋಗುವುದು ಎಂದರೆ ಸಣ್ಣ ವಿಷಯವಲ್ಲ. ಅಮ್ಮ ಹಿಂದಿನ ದಿನವೇ ಹೊರಡಬೇಕು, ದನ ಇದ್ದರೆ ಹಾಲು ಕರೆಯಲು ಯಾರನ್ನಾದರೂ ಒಪ್ಪಿಸಬೇಕು, ಅಪ್ಪನಿಗೆ ಹೇಳಬೇಕು. ಟೆಸ್ಟ್ ಇದೆ ಎಂದ ಮೇಲೆ ಅವರು ಆ ಭಾನುವಾರ ಏನು ಮಾಡಿದರು? ಸುಳ್ಳು ಎಂದು ಆಗಲೇ ಗೊತ್ತಾಗಿತ್ತಾ? ಹುಡುಗಿಗೆ ಇದು ಗೊತ್ತಿರಬೇಕಿಲ್ಲ, ಬರೆಯುವ ನಿಮಗೆ ಗೊತ್ತಿರಬೇಕು. ನಿಮಗೂ ಗೊತ್ತಿಲ್ಲದಿದ್ದರೆ ಕಟ್ಟಿ, ಕಾದಂಬರಿ ಅಲ್ವಾ!

ಅಮ್ಮನಿಗೆ ಯಾವಾಗ ತೋರಿಸುವುದು? ಕರಡು ಪೂರ್ತಿ ಮುಗಿಯುವ ತನಕ ಬೇಡ, ಇಲ್ಲದಿದ್ದರೆ ಅವರು ಹೆಗಲ ಮೇಲೆ ಕೂತ ಹಾಗೆ ಬರೆಯುತ್ತೀರಿ. ಆದರೆ ಅಚ್ಚಿಗೆ ಕೊಡುವ ಮೊದಲು ಖಂಡಿತ ಕೊಡಿ. ಅನುಮತಿ ಕೇಳಿ ಅಂತಲ್ಲ. ಮದುವೆ ಮನೆಯಲ್ಲಿ ಯಾರೋ ‘ನಿಮ್ಮ ಮಗಳು ಹೀಗೆ ಬರೆದಿದ್ದಾಳಂತೆ’ ಎನ್ನುವ ಮೊದಲು ನಿಮ್ಮಿಂದಲೇ ತಿಳಿಯಲಿ.

ಪ್ರಶ್ನೆ: ಕಾಲೇಜಿನಲ್ಲಿ ನಮ್ಮನ್ನು ಜಾತಿ ಎತ್ತಿ ಹೀಯಾಳಿಸಿದ ಒಬ್ಬ ಮೇಷ್ಟ್ರನ್ನು ಪಾತ್ರ ಮಾಡಿದ್ದೇನೆ. ಹೆಸರು ಬದಲಿಸಿದ್ದೇನೆ. ಸಾಕಲ್ಲವೇ?
— ಓದುಗ, ಹಾಸನ

ಉತ್ತರ: ಸಾಲದು. ಊರು ಅದೇ, ಕಾಲೇಜು ಅದೇ, ಪಾಠ ಮಾಡುವ ವಿಷಯ ಅದೇ, ಮಾತಿನ ಚಟವೂ ಅದೇ ಇದ್ದರೆ ಹೆಸರು ಏನಿಟ್ಟರೂ ಜನ ಗುರುತು ಹಿಡಿಯುತ್ತಾರೆ. ಮಾನನಷ್ಟದ ಕಾನೂನು, ಅಂದರೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ, ಕಥೆ ಎಂದು ಕರೆದ ಮಾತ್ರಕ್ಕೆ ನಿಮ್ಮನ್ನು ಬಿಡುವುದಿಲ್ಲ. ‘ಇಲ್ಲಿನ ಪಾತ್ರಗಳು ಕಾಲ್ಪನಿಕ’ ಎಂಬ ಸಾಲು ಇರಲಿ, ಅದನ್ನೇ ನಂಬಿ ಕೂರಬೇಡಿ. ಇಬ್ಬರು ಮೂವರು ಮೇಷ್ಟ್ರುಗಳನ್ನು ಸೇರಿಸಿ ಒಬ್ಬರನ್ನು ಮಾಡಿ. ಕಥೆಗೂ ಅದೇ ಒಳ್ಳೆಯದು, ಸೇಡಿಗೆ ಬರೆದ ಪಾತ್ರ ಬೇಗ ಬಣ್ಣ ಬಿಡುತ್ತದೆ. ಹೀಯಾಳಿಕೆಯನ್ನು ಮಾತ್ರ ಮೃದು ಮಾಡಬೇಡಿ, ಆ ಮಾತು ಬಿದ್ದಾಗ ಕ್ಲಾಸಿನಲ್ಲಿ ಯಾರು ನಕ್ಕರು ಎಂಬುದೂ ಇರಲಿ. ನಿಜವಾಗಿ ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಮಗುವಿನ ಕಥೆಯನ್ನು ಯಾರಾದರೂ ಬರೆಯುವುದಾದರೆ, ಆ ಮಗುವಿನ ಗುರುತು ಸಿಗುವಂಥ ಒಂದು ವಿವರವೂ ಬೇಡ. 2012ರ ಪೋಕ್ಸೊ ಕಾಯ್ದೆ ಆ ವಿಷಯದಲ್ಲಿ ಬಹಳ ಕಟ್ಟುನಿಟ್ಟು.

ಪ್ರಶ್ನೆ: ಹದಿಹರೆಯದ ಕಾದಂಬರಿ ನಡೆಯಲ್ಲ ಎಂದು ಇಬ್ಬರು ಪ್ರಕಾಶಕರು ಹೇಳಿದರು. ನಾನೇ ಪ್ರಕಟಿಸಬೇಕೆಂದಿದ್ದೇನೆ. ಒಂದು ಕಂಪನಿಯವರು ಡಿಟಿಪಿ (ಪುಟ ಜೋಡಣೆ), ಮುಖಪುಟ, ಐಎಸ್‌ಬಿಎನ್ (ಪುಸ್ತಕದ ಗುರುತಿನ ಸಂಖ್ಯೆ) ಎಲ್ಲ ಸೇರಿಸಿ ‘ಪ್ಯಾಕೇಜ್’ ಹೇಳುತ್ತಿದ್ದಾರೆ, 1000 ಪ್ರತಿ ಕಡ್ಡಾಯವಂತೆ. ಒಪ್ಪಲೇ?
— ಓದುಗಿ, ಬಳ್ಳಾರಿ

ಉತ್ತರ: ಅವಸರ ಬೇಡ. ಐಎಸ್‌ಬಿಎನ್‌ಗೆ ದುಡ್ಡು ತೋರಿಸಿದ್ದರೆ ಅಲ್ಲೇ ಪ್ರಶ್ನೆ ಕೇಳಿ. ಭಾರತದಲ್ಲಿ ಅದು ಉಚಿತ. ಶಿಕ್ಷಣ ಸಚಿವಾಲಯದ ಕೆಳಗಿನ ರಾಜಾ ರಾಮಮೋಹನ ರಾಯ್ ಏಜೆನ್ಸಿ ಕೊಡುತ್ತದೆ, ಲೇಖಕರೇ ಆನ್‌ಲೈನ್‌ನಲ್ಲಿ ಅರ್ಜಿ ಹಾಕಬಹುದು. ಕಾಪಿರೈಟ್ ಕೂಡ ನೋಂದಣಿ ಮಾಡಿಸಿದರೇ ಬರುತ್ತದೆ ಅಂತಿಲ್ಲ, ಬರೆದಾಗಲೇ ನಿಮ್ಮದು. ಕರಾರಿನಲ್ಲಿ ಆ ಹಕ್ಕನ್ನು ಅವರಿಗೆ ಬರೆದುಕೊಡುವ ಸಾಲು ಎಲ್ಲಾದರೂ ಇದೆಯಾ ನೋಡಿ. ಖರ್ಚೂ ನಿಮ್ಮದು, ಹಕ್ಕು ಮಾತ್ರ ಅವರದು ಅಂದರೆ ಹೇಗೆ?

1000 ಪ್ರತಿಯ ಮಾತಿಗೆ ಬರೋಣ. ಹಳೆ ಲೆಕ್ಕದಲ್ಲಿ ಕನ್ನಡ ಪುಸ್ತಕ ಎಂದರೆ ಸಾವಿರ ಪ್ರತಿ, ಏಕೆಂದರೆ ಆಫ್‌ಸೆಟ್‌ನಲ್ಲಿ ಕಡಿಮೆ ಹಾಕಿದರೆ ಒಂದೊಂದು ಪ್ರತಿಯ ಬೆಲೆ ಏರುತ್ತಿತ್ತು. ಈಗ ಡಿಜಿಟಲ್ ಮುದ್ರಣದಲ್ಲಿ ನೂರು, ಇನ್ನೂರು ಪ್ರತಿಯೂ ಆಗುತ್ತದೆ. ಪ್ರತಿಗೆ ಸ್ವಲ್ಪ ಜಾಸ್ತಿ ಬೀಳುತ್ತದೆ ನಿಜ, ಆದರೆ ಮಂಚದ ಕೆಳಗೆ ಎಂಟುನೂರು ಪುಸ್ತಕ ಉಳಿಯುವುದಿಲ್ಲ. ನಿಮ್ಮ ಪುಸ್ತಕ ದುಡ್ಡು ಕೊಟ್ಟು ಕೊಳ್ಳುವವರು ಯಾರು ಎಂದು ಒಂದು ಹಾಳೆಯಲ್ಲಿ ಹೆಸರು ಬರೆಯಿರಿ. ಗೌರವ ಪ್ರತಿ ಕೊಡಬೇಕಾದವರನ್ನು ಆ ಪಟ್ಟಿಯಲ್ಲಿ ಸೇರಿಸಬೇಡಿ. ಅಂಗಡಿಯವರು ಮುಖಬೆಲೆಯಲ್ಲಿ ನೂರಕ್ಕೆ 30–40 ರಿಯಾಯಿತಿ ಕೇಳುತ್ತಾರೆ, ಬೆಲೆ ಇಡುವಾಗಲೇ ಅದು ತಲೆಯಲ್ಲಿರಲಿ. ಗ್ರಂಥಾಲಯ ಇಲಾಖೆಯ ಸಗಟು ಖರೀದಿಗೆ ಅರ್ಜಿ ಹಾಕಿ, ಆದರೆ ಅದನ್ನು ನಂಬಿ ಸಾಲ ಮಾಡಬೇಡಿ. ನಿಮ್ಮ ವಯಸ್ಸು 35ರ ಒಳಗಿದ್ದು ಇದು ಮೊದಲ ಪುಸ್ತಕವಾದರೆ, ಅಚ್ಚು ಮಾಡಿಸುವ ಮೊದಲು ಕನ್ನಡ ಪುಸ್ತಕ ಪ್ರಾಧಿಕಾರದ ಚೊಚ್ಚಲ ಕೃತಿ ಪ್ರೋತ್ಸಾಹಧನದ ಪ್ರಕಟಣೆಗೆ ಕಾಯ್ದು ನೋಡಿ.

ನೀವೇ ಪ್ರಕಾಶಕರಾದರೆ ‘ಇಲ್ಲಿ ನೀವು ಜಾರಿಕೊಂಡಿದ್ದೀರಿ’ ಎಂದು ಹೇಳಲು ಸಂಪಾದಕರು ಇರುವುದಿಲ್ಲ. ಕಾಗುಣಿತದ ತಪ್ಪೂ ದಾಟಿಹೋಗುತ್ತದೆ, ಹೆದರಿ ಮೃದು ಮಾಡಿದ ಜಾಗವೂ ದಾಟಿಹೋಗುತ್ತದೆ. ಹಾಗಾಗಿ ಪ್ಯಾಕೇಜಿಗೆ ಕೊಡುವ ದುಡ್ಡಿನಲ್ಲಿ ಒಂದು ಪಾಲು ಎತ್ತಿಟ್ಟು, ಮೊದಲು ಒಬ್ಬ ಒಳ್ಳೆಯ ಸಂಪಾದಕರಿಗೆ, ಕೊನೆಗೆ ಕರಡು ತಿದ್ದುವವರಿಗೆ ಕೊಡಿ. ಮುಖಪುಟಕ್ಕೆ ಸುರಿಯುವುದಕ್ಕಿಂತ ಇದು ಮೇಲು. ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿ ಯೂನಿಕೋಡ್‌ಗೆ ಬದಲಿಸಿದ್ದರೆ ಅರ್ಕಾವತ್ತು, ಒತ್ತಕ್ಷರ ಅಲ್ಲಲ್ಲಿ ಕೆಟ್ಟಿರುತ್ತವೆ. ಕೊನೆಯ ಪ್ರೂಫನ್ನು ಮೊಬೈಲಿನಲ್ಲಿ ನೋಡಬೇಡಿ, ಕಾಗದದ ಮೇಲೆ ತೆಗೆಸಿ ಓದಿ. ಪುಸ್ತಕ ಸಾಮಾನ್ಯವಾಗಿ 16 ಪುಟದ ಕಟ್ಟುಗಳಲ್ಲಿ ಅಚ್ಚಾಗುತ್ತದೆ, ಒಟ್ಟು ಪುಟ ಆ ಲೆಕ್ಕಕ್ಕೆ ಕೂಡಿಬರುತ್ತದಾ ಎಂದು ಮುದ್ರಕರನ್ನು ಮೊದಲೇ ಕೇಳಿ, ಇಲ್ಲದಿದ್ದರೆ ಕೊನೆಗೆ ಖಾಲಿ ಪುಟ ಉಳಿಯುತ್ತವೆ.

ಮಾರುವುದಕ್ಕೆ ನಾಚಿಕೆ ಬೇಡ. ಕನ್ನಡದ ಮೊದಲ ತಲೆಮಾರಿನ ಕಾದಂಬರಿಕಾರ ಗಳಗನಾಥರು ತಮ್ಮ ಪುಸ್ತಕದ ಗಂಟು ಹೊತ್ತು ಊರೂರು ತಿರುಗಿದವರು, ನಿಮಗೆ ವಾಟ್ಸ್‌ಆ್ಯಪ್ ಇದೆ.

ಪ್ರಶ್ನೆ: ಮೊದಲ ಕಾದಂಬರಿಗೆ ದೊಡ್ಡ ಸಾಹಿತಿಗಳ ಮುನ್ನುಡಿ ಬೇಕೇ ಬೇಕಾ?
— ಓದುಗ, ತುಮಕೂರು

ಉತ್ತರ: ಬೇಡ. ಅವರು ಆರು ತಿಂಗಳು ಇಟ್ಟುಕೊಂಡು, ಕಥೆಯನ್ನೆಲ್ಲ ಮೊದಲ ಪುಟದಲ್ಲೇ ಹೇಳಿ ಕೊಡುತ್ತಾರೆ. ಬೆನ್ನುಡಿಗೆ ನಿಮ್ಮ ಕಾದಂಬರಿಯದೇ ಒಂದು ಒಳ್ಳೆಯ ಪ್ಯಾರಾ ಹಾಕಿ.