ಅಪ್ಪನ ಭಜನೆ ಅವ್ವನ ಸಿಡಿ ಪ್ಲೇಯರ್‌ನಲ್ಲಿ ಯಾಕೆ ಹಾಡುತ್ತಿಲ್ಲ?

ಪ್ರಶ್ನೆ: ನಮ್ಮ ಅಪ್ಪ ಊರ ಭಜನಾ ಮೇಳದಲ್ಲಿ ಹಾರ್ಮೋನಿಯಂ ಬಾರಿಸುತ್ತಿದ್ದರು, ತೀರಿಕೊಂಡು ಆರು ವರ್ಷವಾಯಿತು. ಅವರು ಹಾಡಿದ 90 ನಿಮಿಷದ ಒಂದು ಕ್ಯಾಸೆಟ್ ಇತ್ತು, ಅದನ್ನು ಕಂಪ್ಯೂಟರಿಗೆ ಹಾಕಿಸಿ ಎಂಪಿ3 ಮಾಡಿಕೊಂಡೆ. ಅವ್ವನಿಗೆ ಮೊಬೈಲ್ ಬೇಡ, ಹಳೇ ಸಿಡಿ ಪ್ಲೇಯರೇ ಬೇಕು. ಐದು ಸಿಡಿ ಹಾಳಾದವು. ಮೂರು ಬರ್ನ್ ಆದರೂ ಪ್ಲೇಯರ್ ‘ನೋ ಡಿಸ್ಕ್’ ಅನ್ನುತ್ತದೆ, ಇನ್ನೆರಡಕ್ಕೆ ಶುರುವಲ್ಲೇ ‘ಪವರ್ ಕ್ಯಾಲಿಬ್ರೇಶನ್ ಎರರ್’ ಬಂತು. ಸಾಫ್ಟ್‌ವೇರ್ ಬದಲಿಸಿ ನೋಡಿದೆ, ಅಷ್ಟೇ. — ಓದುಗರು, ಗದಗ

ಉತ್ತರ: ಸಾಫ್ಟ್‌ವೇರನ್ನು ಇನ್ನು ಬದಲಿಸಬೇಡಿ. ನಿಮಗಿರುವುದು ಎರಡು ಬೇರೆ ತೊಂದರೆ, ಎರಡಕ್ಕೂ ದಾರಿ ಇದೆ.

ಮೊದಲು ‘ನೋ ಡಿಸ್ಕ್’. ಖಾಲಿ ಸಿಡಿ ಹಾಕಿದ ತಕ್ಷಣ ವಿಂಡೋಸ್ ಒಂದು ಪ್ರಶ್ನೆ ಕೇಳುತ್ತದೆ, ಇದನ್ನು ಪೆನ್‌ಡ್ರೈವ್ ಥರ ಬಳಸುತ್ತೀರಾ, ಪ್ಲೇಯರ್‌ನಲ್ಲಿ ಹಾಕುತ್ತೀರಾ ಅಂತ. ನಾವು ಓದದೆ ಓಕೆ ಒತ್ತಿಬಿಡುತ್ತೇವೆ, ಅಲ್ವಾ? ಪೆನ್‌ಡ್ರೈವ್ ಥರ ಬರೆದದ್ದು ಕಂಪ್ಯೂಟರಿಗಷ್ಟೇ ಅರ್ಥವಾಗುತ್ತದೆ. ಎರಡನೇ ಆಯ್ಕೆ ಒತ್ತಿ ಎಂಪಿ3 ಫೈಲನ್ನು ಹಾಗೇ ಎಳೆದು ಹಾಕಿದರೂ ಅದು ಡೇಟಾ ಸಿಡಿಯೇ, ಎಂಪಿ3 ಗೊತ್ತಿಲ್ಲದ ಹಳೇ ಪ್ಲೇಯರಿಗೆ ಅದರಲ್ಲಿ ಹಾಡೇ ಕಾಣುವುದಿಲ್ಲ. ನಿಮಗೆ ಬೇಕಾದದ್ದು ಆಡಿಯೊ ಸಿಡಿ. ವಿಂಡೋಸ್ ಮೀಡಿಯಾ ಪ್ಲೇಯರ್‌ನ ಬರ್ನ್ ಟ್ಯಾಬ್‌ನಲ್ಲಿ ಅದನ್ನೇ ಆರಿಸಿ, ಎಂಪಿ3ಯನ್ನು ಅದೇ ಬದಲಾಯಿಸಿಕೊಳ್ಳುತ್ತದೆ. ಡಿಸ್ಕ್ ಸಿಡಿ-ಆರ್, ಅಂದರೆ ಒಮ್ಮೆ ಮಾತ್ರ ಬರೆಯುವಂಥದ್ದು, ಇರಲಿ. ಅಳಿಸಿ ಮತ್ತೆ ಬರೆಯಬಹುದಾದ ಸಿಡಿ-ಆರ್‌ಡಬ್ಲ್ಯೂ ಬೆಳಕನ್ನು ಕಡಿಮೆ ತಿರುಗಿಸುವುದರಿಂದ ಹಳೇ ಪ್ಲೇಯರಿಗೆ ಓದಲು ಕಷ್ಟ.

ಒಂದು ಲೆಕ್ಕ ಮರೆಯಬೇಡಿ. ಆಡಿಯೊ ಸಿಡಿಯಲ್ಲಿ 700 ಎಂಬಿ ನೋಡಬಾರದು, 80 ನಿಮಿಷ ನೋಡಬೇಕು. ಎಂಪಿ3 ಎಷ್ಟೇ ಚಿಕ್ಕದಿರಲಿ, 90 ನಿಮಿಷದ ಕ್ಯಾಸೆಟ್ ಒಂದು ಸಿಡಿಗೆ ಕೂರುವುದಿಲ್ಲ. ಒಂದೊಂದು ಬದಿ 45 ನಿಮಿಷ, ಬದಿಗೊಂದು ಸಿಡಿ ಮಾಡಿ. ಕ್ಯಾಸೆಟ್ ತಿರುಗಿಸಿ ಹಾಕಿದ ಅಭ್ಯಾಸ ಅವ್ವನಿಗೆ ಇದ್ದೇ ಇರುತ್ತದೆ.

ಇನ್ನು ‘ಪವರ್ ಕ್ಯಾಲಿಬ್ರೇಶನ್’. ಬರೆಯುವ ಮುಂಚೆ ಡ್ರೈವ್ ಡಿಸ್ಕಿನ ಒಳಸುತ್ತಿನಲ್ಲಿ ಒಂದು ಸಣ್ಣ ಜಾಗದಲ್ಲಿ ಲೇಸರ್ ಹಾಯಿಸಿ, ಈ ಡಿಸ್ಕಿಗೆ ಎಷ್ಟು ಶಕ್ತಿ ಬೇಕು ಅಂತ ಪರೀಕ್ಷೆ ಮಾಡುತ್ತದೆ. ಅದು ಸರಿಹೋಗದಿದ್ದರೆ ಈ ಎರರ್. ಸಾಮಾನ್ಯವಾಗಿ ಕಾರಣ ಮೂರು: ಡಿಸ್ಕ್ ಕಳಪೆ, ಲೆನ್ಸ್ ಮೇಲೆ ಧೂಳು, ಇಲ್ಲಾ ಲೇಸರಿಗೆ ವಯಸ್ಸಾಗಿದೆ. ಬೇಸಿಗೆಯಲ್ಲಿ ನಮ್ಮ ಕಡೆ ಧೂಳು ಕೇಳಬೇಕೆ! ಹುಬ್ಬಳ್ಳಿಯ ನಮ್ಮ ಮನೆಯ ಲ್ಯಾಪ್‌ಟಾಪಿಗೂ ಹೀಗೇ ಆಗಿತ್ತು. ಟ್ರೇ ಎಳೆದು ನೋಡಿದರೆ ಕಡಲೆಕಾಳಿನಷ್ಟಿರುವ ಲೆನ್ಸ್ ಮೇಲೆ ಬೂದಿ ಸವರಿದ ಹಾಗೆ ಮಬ್ಬು ಕೂತಿತ್ತು. ಕ್ಯಾಮೆರಾಕ್ಕೆ ಬಳಸುವ ರಬ್ಬರ್ ಬ್ಲೋವರ್‌ನಿಂದ ನಾಲ್ಕು ಸಲ ಗಾಳಿ ಹೊಡೆದೆ, ಮುಂದಿನ ಸಿಡಿ ಸರಿಯಾಗಿ ಬಂತು. ಬಟ್ಟೆಯಿಂದ ಒರೆಸಬೇಡಿ, ಬಾಯಿಂದ ಊದಲೂಬೇಡಿ, ಉಗುಳು ಸಿಡಿಯುತ್ತದೆ. ಆಮೇಲೆ ಬೇರೆ ಕಂಪನಿಯ ಡಿಸ್ಕ್ ತಂದು, ವೇಗ 52ಎಕ್ಸ್ ಬಿಟ್ಟು 16ಎಕ್ಸ್‌ಗೆ ಇಳಿಸಿ. ಆಗಲೂ ಬಾರದಿದ್ದರೆ ಡ್ರೈವನ್ನೇ ಬದಲಿಸಬೇಕು.

ಕೊನೆಗೆ ಒಂದು ಮಾತು, ಇದು ಭಜನೆ ಆದ್ದರಿಂದ ಹೇಳುತ್ತಿದ್ದೇನೆ. ಸುಮ್ನೆ ಬರ್ನ್ ಮಾಡಿದರೆ ಹಾಡು ಹಾಡಿನ ನಡುವೆ 2 ಸೆಕೆಂಡ್ ಮೌನ ಸೇರಬಹುದು. ಒಂದು ಪದ ಮುಗಿಯುವಷ್ಟರಲ್ಲಿ ಹಾರ್ಮೋನಿಯಂ ಇನ್ನೊಂದಕ್ಕೆ ಹೊರಳುತ್ತದಲ್ಲ, ಅಲ್ಲೇ ಕತ್ತರಿ ಬೀಳುತ್ತದೆ. ಬರ್ನ್ ಆಪ್ಷನ್ಸ್‌ನಲ್ಲಿ ಅಂತರ ಬೇಡ ಅನ್ನುವುದಕ್ಕೆ ಟಿಕ್ ಹಾಕಿ. ದನಿ ಸಮ ಮಾಡುವ ಟಿಕ್ ಇದ್ದರೆ ತೆಗೆಯಿರಿ, ಅಪ್ಪ ಮೆಲ್ಲಗೆ ಹಾಡಿದ್ದು ಮೆಲ್ಲಗೇ ಕೇಳಲಿ.

ಪ್ರಶ್ನೆ: ಡಿವಿಡಿ ಮೇಲೆ 4.7 ಜಿಬಿ ಅಂತಿದೆ. ನನ್ನ ಮದುವೆ ವಿಡಿಯೊ 4.5 ಜಿಬಿ, ಜಾಗ ಸಾಲದು ಅನ್ನುತ್ತದೆ. — ಓದುಗರು, ಹಾವೇರಿ

ಉತ್ತರ: ಡಿಸ್ಕ್ ಕಂಪನಿ ಸಾವಿರದ ಲೆಕ್ಕ ಹಿಡಿಯುತ್ತದೆ, ವಿಂಡೋಸ್ 1024ರ ಲೆಕ್ಕ. ಅದೇ 4.7 ವಿಂಡೋಸ್‌ನಲ್ಲಿ ಸುಮಾರು 4.38 ಆಗುತ್ತದೆ. ವಿಡಿಯೊ ಎರಡು ಭಾಗ ಮಾಡಿ, ಇಲ್ಲಾ 8.5 ಜಿಬಿಯ ಡ್ಯುಯಲ್ ಲೇಯರ್ (ಎರಡು ಪದರದ) ಡಿಸ್ಕ್ ತನ್ನಿ. ನಿಮ್ಮ ಡ್ರೈವ್ ಅದನ್ನು ಬರೆಯುತ್ತದಾ ಅಂತ ಮೊದಲು ನೋಡಿಕೊಳ್ಳಿ.