ಓದುಗರ ಪ್ರಶ್ನೆ: ಬ್ಯಾಕ್ಟೀರಿಯಾದ ಜೀವ ಇರುವುದು ಅದರ ಪೊರೆಯಲ್ಲಿ

ಪ್ರಶ್ನೆ: ನಾನು ಬಿ.ಎಸ್ಸಿ. ವಿದ್ಯಾರ್ಥಿನಿ ಮೇಡಂ. ಬ್ಯಾಕ್ಟೀರಿಯಾ ಅಂದರೆ ಒಂದೇ ಒಂದು ಕೋಶ. ಚರ್ಮವಿಲ್ಲ, ಮೂತ್ರಪಿಂಡವಿಲ್ಲ. ಉಪ್ಪುನೀರಿನಲ್ಲಿ ಇದ್ದದ್ದು ಜೋರು ಮಳೆಯಲ್ಲಿ ದಿಢೀರನೆ ಸಿಹಿನೀರಿಗೆ ಸಿಕ್ಕಿಬಿದ್ದರೆ ಒಡೆದುಹೋಗಬೇಕು ತಾನೆ? ಯಾಕೆ ಒಡೆಯುವುದಿಲ್ಲ?

ಉತ್ತರ: ಒಡೆಯಲೇಬೇಕಿತ್ತು. ಒಡೆಯದಂತೆ ಕಾಯುವುದು ಪೊರೆಯಲ್ಲಿ ಕೂತಿರುವ ಕೆಲವು ಪ್ರೋಟೀನುಗಳು. ನಾನು ಲ್ಯಾಬಿನಲ್ಲಿ ಬಹಳ ವರ್ಷ ಕೆಲಸ ಮಾಡಿದ್ದು ಇವುಗಳ ಮೇಲೆಯೇ. ಹಾಗಾಗಿ ಈ ಉತ್ತರ ಸ್ವಲ್ಪ ಉದ್ದವಾಗುತ್ತದೆ.

ನಮ್ಮ ಕರುಳಿನಲ್ಲೂ ಇರುವ ಇ. ಕೋಲಿ ಎಂಬ ಬ್ಯಾಕ್ಟೀರಿಯಾವನ್ನೇ ತೆಗೆದುಕೊಳ್ಳಿ. ಉದ್ದ ಸುಮಾರು 2 ಮೈಕ್ರೊಮೀಟರ್. ಅದರ ಪೊರೆಯ ದಪ್ಪ 7 ನ್ಯಾನೊಮೀಟರ್ ಆಸುಪಾಸು. ಕೊಬ್ಬಿನ ಎರಡು ಪದರ, ಅಷ್ಟೇ. ಉಪ್ಪು ಜಾಸ್ತಿ ಇರುವ ಕಡೆ ಕೋಶದೊಳಗಿನ ನೀರು ಹೊರಗೆ ಹೋಗಲು ನೋಡುತ್ತದೆ. ಆಗ ಪೊರೆಯ ಪ್ರೋಟೀನುಗಳು ಪೊಟ್ಯಾಸಿಯಮ್ಮನ್ನು ಬೇಗಬೇಗನೆ ಒಳಗೆ ಎಳೆದುಕೊಳ್ಳುತ್ತವೆ. ಆಮೇಲೆ ನಿಧಾನವಾಗಿ ಪ್ರೋಲಿನ್, ಬೀಟೇಯ್ನ್ ತರಹದ ನಿರುಪದ್ರವಿ ವಸ್ತುಗಳನ್ನು ಕೂಡಿಡುತ್ತವೆ. ಒಳಗೂ ಹೊರಗೂ ಸಾಂದ್ರತೆ ಸರಿದೂಗಿದರೆ ನೀರು ಒಳಗೇ ಉಳಿಯುತ್ತದೆ.

ತೊಂದರೆ ಶುರುವಾಗುವುದೇ ಇಲ್ಲಿ. ಒಳಗೆ ಇಷ್ಟೆಲ್ಲ ಕೂಡಿಟ್ಟುಕೊಂಡ ಕೋಶದ ಮೇಲೆ ಸಿಹಿನೀರು ಬಿತ್ತು ಅನ್ನಿ. ಈಗ ನೀರು ಒಳಗೆ ನುಗ್ಗುತ್ತದೆ. ಕೋಶ ಉಬ್ಬುತ್ತದೆ, ಪೊರೆ ಬಿಗಿಯುತ್ತದೆ. ಹೊಸ ಪ್ರೋಟೀನು ತಯಾರಿಸಿಕೊಳ್ಳುವಷ್ಟು ಸಮಯ ಇಲ್ಲ. ಏನು ಮಾಡಿದರೂ ಒಂದು ಸೆಕೆಂಡಿನೊಳಗೆ ಮಾಡಬೇಕು.

ಈ ಗಳಿಗೆಗೆಂದೇ ಪೊರೆಯಲ್ಲಿ ಮೊದಲಿನಿಂದ ಕಾದು ಕೂತಿರುವ ಪ್ರೋಟೀನುಗಳಿವೆ. ಮುಖ್ಯವಾದವು ಎರಡು: ಎಂಎಸ್‌ಸಿಎಸ್ ಮತ್ತು ಎಂಎಸ್‌ಸಿಎಲ್. ಕುಕ್ಕರಿನ ಸೇಫ್ಟಿ ವಾಲ್ವ್ ಒತ್ತಡ ಮಿತಿಮೀರಿದಾಗ ಮಾತ್ರ ಬಿಟ್ಟುಕೊಳ್ಳುತ್ತದಲ್ಲ, ಇವೂ ಹಾಗೆಯೇ. ಪೊರೆ ಬಿಗಿದಾಗ ಆ ಎಳೆತವೇ ಇವುಗಳನ್ನು ಅಗಲಿಸಿ ತೆರೆಯುತ್ತದೆ. ಬೇರೆ ಯಾವ ಸಂದೇಶವೂ ಬೇಕಿಲ್ಲ, ಶಕ್ತಿಯೂ ಬೇಕಿಲ್ಲ. ಎಂಎಸ್‌ಸಿಎಲ್ ಪೂರ್ತಿ ತೆರೆದರೆ ನಡುವೆ ಸುಮಾರು 3 ನ್ಯಾನೊಮೀಟರ್ ಅಗಲದ ರಂಧ್ರ. ಅಣುಗಳ ಲೋಕದಲ್ಲಿ ಅದು ಭಾರೀ ದೊಡ್ಡದು. ಪೊಟ್ಯಾಸಿಯಂ, ಗ್ಲುಟಮೇಟ್ ತರಹದ ಸಣ್ಣ ಕಣಗಳೆಲ್ಲ ಹೊರಗೆ ಸುರಿದುಹೋಗುತ್ತವೆ, ಒತ್ತಡ ಇಳಿಯುತ್ತದೆ, ರಂಧ್ರ ಮುಚ್ಚುತ್ತದೆ.

ಇದನ್ನು ಕಣ್ಣಾರೆ ನೋಡುವ ಒಂದು ವಿಧಾನ ಇದೆ. ಒಂದು ಔಷಧ ಹಾಕಿ ಇ. ಕೋಲಿ ಇಬ್ಭಾಗವಾಗದಂತೆ ತಡೆದರೆ ಅದು ದಾರದಂತೆ ಉದ್ದಕ್ಕೆ ಬೆಳೆಯುತ್ತದೆ. ಆಮೇಲೆ ಪೊರೆಯ ಹೊರಗಿರುವ ಅದರ ಗಟ್ಟಿ ಗೋಡೆಯನ್ನು ಕಿಣ್ವದಿಂದ ಕರಗಿಸಿದರೆ ದಾರ ದುಂಡಗಾಗಿ ದೊಡ್ಡ ಗುಂಡು ಆಗುತ್ತದೆ. ಕೂದಲಿಗಿಂತ ಎಷ್ಟೋ ಸಣ್ಣ ತುದಿಯ ಗಾಜಿನ ನಳಿಗೆಯನ್ನು ಆ ಗುಂಡಿನ ಪೊರೆಗೆ ಅಂಟಿಸಿ, ಮೆಲ್ಲಗೆ ಗಾಳಿ ಹೀರಬೇಕು. ಪೊರೆ ದಾಟಿ ಹರಿಯುವ ವಿದ್ಯುತ್ತನ್ನು ತೋರಿಸುವ ಗೆರೆ ಪರದೆಯ ಮೇಲೆ ನೇರವಾಗಿ ಹೋಗುತ್ತಿರುತ್ತದೆ. ಇನ್ನೂ ಸ್ವಲ್ಪ ಹೀರಿದರೆ ಗೆರೆ ಟಕ್ಕನೆ ಒಂದು ಮೆಟ್ಟಿಲು ಹತ್ತುತ್ತದೆ. ಅದು ಎಂಎಸ್‌ಸಿಎಸ್‌ನ ಒಂದೇ ಒಂದು ಅಣು ತೆರೆದದ್ದು. ಮತ್ತೂ ಹೀರಿದರೆ ಅದರ ಸುಮಾರು ಮೂರರಷ್ಟು ಎತ್ತರದ ಮೆಟ್ಟಿಲು. ಅದೇ ಎಂಎಸ್‌ಸಿಎಲ್. ಹೀರುವುದನ್ನು ಬಿಟ್ಟರೆ ಗೆರೆ ಮತ್ತೆ ಕೆಳಗೆ. ಈ ಬಗೆಯ ಅಳತೆ ಮೊದಲು ಪ್ರಕಟವಾದದ್ದು 1987ರಲ್ಲಿ. ನಾನು ಎಷ್ಟೋ ಸಲ ಈ ಮೆಟ್ಟಿಲುಗಳನ್ನು ನೋಡಿದ್ದೇನೆ. ಒಂದು ಅಣು ನಮ್ಮ ಕಣ್ಣೆದುರೇ ತೆರೆದು ಮುಚ್ಚುತ್ತದೆ ಅಂದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ನಿಮ್ಮ ‘ಒಡೆಯಬೇಕು ತಾನೆ’ ಅನ್ನುವ ಮಾತಿಗೂ ಸಾಕ್ಷಿ ಇದೆ. ಎರಡೂ ಪ್ರೋಟೀನು ಇಲ್ಲದ ತಳಿಯನ್ನು ಉಪ್ಪಿನ ದ್ರಾವಣದಲ್ಲಿ ಬೆಳೆಸಿ ನೀರಿಗೆ ಹಾಕಿದರೆ ಬಹುಪಾಲು ಕೋಶಗಳು ಒಡೆದು ಸಾಯುತ್ತವೆ. ಎರಡರಲ್ಲಿ ಒಂದಿದ್ದರೂ ಬದುಕುತ್ತವೆ. ಇದು 1999ರಲ್ಲಿ ಗೊತ್ತಾಯಿತು.

ಹಾಗಾದರೆ ರಂಧ್ರ ಇನ್ನೂ ಸುಲಭವಾಗಿ ತೆರೆದರೆ ಒಳ್ಳೆಯದಲ್ವಾ ಅಂತ ಕೇಳಬಹುದು. ಅಂಥ ತಳಿಗಳೂ ಇವೆ. ಎಂಎಸ್‌ಸಿಎಲ್‌ನಲ್ಲಿ ಒಂದೇ ಒಂದು ಅಮೈನೋ ಆಮ್ಲ (ಪ್ರೋಟೀನಿನ ಸರಪಳಿಯ ಒಂದು ಕೊಂಡಿ) ಬದಲಾಗಿ, ಸಣ್ಣ ಎಳೆತಕ್ಕೂ ತೆರೆದುಕೊಳ್ಳುವಂಥವು. ಅವು ಸರಿಯಾಗಿ ಬೆಳೆಯುವುದೇ ಇಲ್ಲ. ಬೇಕಾದದ್ದೆಲ್ಲ ಸುಮ್ನೆ ಸೋರಿಹೋಗುತ್ತದೆ. ಪೊರೆಯ ಪ್ರೋಟೀನುಗಳ ಬಗ್ಗೆ ಯಾರು ಕೇಳಿದರೂ ನಾನು ಮೊದಲು ಹೇಳುವುದು ಇದನ್ನೇ: ರಂಧ್ರ ಇದ್ದರೂ ಅಪಾಯ, ಇಲ್ಲದಿದ್ದರೂ ಅಪಾಯ. ಯಾವಾಗ ತೆರೆಯಬೇಕು ಅನ್ನುವುದರಲ್ಲೇ ಬದುಕು ನಿಂತಿದೆ.

ಪ್ರಶ್ನೆ: ಜಠರದಲ್ಲಿ ಅಷ್ಟು ಕಡು ಆಮ್ಲ ಇದ್ದರೂ ಅಲ್ಸರ್ ತರುವ ಬ್ಯಾಕ್ಟೀರಿಯಾ ಅಲ್ಲೇ ಹೇಗೆ ಮನೆ ಮಾಡುತ್ತದೆ?

ಉತ್ತರ: ನೀವು ಕೇಳುತ್ತಿರುವುದು ಹೆಲಿಕೊಬ್ಯಾಕ್ಟರ್ ಪೈಲೊರಿ ಬಗ್ಗೆ. ಅದನ್ನು ಪತ್ತೆ ಮಾಡಿದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಅವರಿಗೆ 2005ರಲ್ಲಿ ನೊಬೆಲ್ ಬಂತು.

ಜಠರರಸದಲ್ಲಿ ಸ್ವಲ್ಪ ಯೂರಿಯಾ ಇರುತ್ತದೆ. ಈ ಬ್ಯಾಕ್ಟೀರಿಯಾದ ಒಳಪೊರೆಯಲ್ಲಿ ಯೂರ್‌ಐ ಎಂಬ ಪ್ರೋಟೀನು ಇದೆ. ಸುತ್ತ ಆಮ್ಲ ಏರಿದಾಗ ಅದು ತೆರೆದು ಯೂರಿಯಾವನ್ನು ಒಳಗೆ ಬಿಡುತ್ತದೆ. ಒಳಗಿನ ಯೂರಿಯೇಸ್ ಕಿಣ್ವ ಅದನ್ನು ಒಡೆದು ಅಮೋನಿಯಾ ಮಾಡುತ್ತದೆ, ಅಮೋನಿಯಾ ಆಮ್ಲವನ್ನು ತಗ್ಗಿಸುತ್ತದೆ. ಆಮ್ಲ ಕಡಿಮೆಯಾದ ಕೂಡಲೇ ಯೂರ್‌ಐ ಮುಚ್ಚಿಕೊಳ್ಳುತ್ತದೆ. ಮುಚ್ಚದೆ ಹಾಗೇ ಇದ್ದರೆ ಅಮೋನಿಯಾ ಮಿತಿಮೀರಿ, ಕೋಶ ಕ್ಷಾರದಿಂದಲೇ ಸಾಯುತ್ತದೆ.

ಪ್ರಶ್ನೆ: ನಾನು ಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಬ್ಯಾಕ್ಟೀರಿಯಾಗಳು ‘ಬುದ್ಧಿ ಕಲಿತು’ ಆಂಟಿಬಯೋಟಿಕ್‌ಗಳನ್ನು ಹೊರಗೆ ಪಂಪ್ ಮಾಡುತ್ತವೆ ಅಂತ ಓದಿದೆ. ಮಕ್ಕಳಿಗೆ ಹೀಗೆ ಹೇಳಬಹುದೇ?

ಉತ್ತರ: ಪಂಪ್ ಮಾಡುತ್ತವೆ ಅನ್ನುವುದು ನಿಜ. ‘ಬುದ್ಧಿ ಕಲಿತು’ ಅನ್ನುವುದನ್ನು ದಯವಿಟ್ಟು ಹೇಳಬೇಡಿ ಮೇಷ್ಟ್ರೇ. ಯಾವ ಬ್ಯಾಕ್ಟೀರಿಯಾವೂ ಔಷಧ ನೋಡಿ ಉಪಾಯ ಹೂಡುವುದಿಲ್ಲ. ಕೋಟ್ಯಂತರ ಸಾಯುತ್ತವೆ. ಆಕಸ್ಮಿಕವಾಗಿ ಜೀನ್ ಬದಲಾಗಿದ್ದ ಕೆಲವು ಉಳಿಯುತ್ತವೆ, ಅವುಗಳ ಸಂತಾನ ಬೆಳೆಯುತ್ತದೆ. ಮಕ್ಕಳಿಗೆ ಈ ಸಾವಿನ ಲೆಕ್ಕ ತಿಳಿಯದಿದ್ದರೆ, ಔಷಧವನ್ನು ಬೇಕಾಬಿಟ್ಟಿ ಬಳಸಬಾರದು ಯಾಕೆ ಅನ್ನುವುದೂ ತಿಳಿಯುವುದಿಲ್ಲ.

ಪಂಪಿನ ವಿಷಯಕ್ಕೆ ಬರೋಣ. ಇ. ಕೋಲಿಗೆ ಎರಡು ಪೊರೆ: ಒಳಗೊಂದು, ಹೊರಗೊಂದು. ಮೊದಲ ಉತ್ತರದಲ್ಲಿ ಹೇಳಿದ್ದು ಒಳಪೊರೆಯ ವಿಷಯ. ಅದರ ಮುಖ್ಯ ಪಂಪು ಎರಡನ್ನೂ ದಾಟುವಷ್ಟು ಉದ್ದ. ಒಳಪೊರೆಯಲ್ಲಿ ಎಕ್ರ್‌ಬಿ, ಹೊರಪೊರೆಯಲ್ಲಿ ಟೋಲ್‌ಸಿ, ನಡುವೆ ಜೋಡಿಸುವ ಎಕ್ರ್‌ಎ. ಎಕ್ರ್‌ಬಿಯ ರಚನೆ 2002ರಲ್ಲಿ ಪ್ರಕಟವಾಯಿತು, ಅದು ಕೆಲಸ ಮಾಡುವ ಬಗೆ 2006ರಲ್ಲಿ ಸ್ಪಷ್ಟವಾಯಿತು. ಒಂದೇ ತರಹದ ಮೂರು ಭಾಗ ಸರದಿಯಲ್ಲಿ ದುಡಿಯುತ್ತವೆ. ಒಂದು ಔಷಧದ ಅಣುವಿಗೆ ಕಾಯುತ್ತಿರುತ್ತದೆ, ಇನ್ನೊಂದು ಹಿಡಿದುಕೊಂಡಿರುತ್ತದೆ, ಮತ್ತೊಂದು ಹೊರದಬ್ಬುತ್ತಿರುತ್ತದೆ. ಇಷ್ಟಕ್ಕೂ ಶಕ್ತಿ ಬರುವುದು ಒಳಕ್ಕೆ ಹರಿಯುವ ಪ್ರೋಟಾನುಗಳಿಂದ, ಅಂದರೆ ಹೈಡ್ರೋಜನ್ ಅಯಾನುಗಳಿಂದ.

ಮಕ್ಕಳಿಗೆ ಇದನ್ನೂ ಹೇಳಿ: ಈ ಪಂಪು ನಮ್ಮ ಔಷಧಕ್ಕಾಗಿ ಹುಟ್ಟಿದ್ದಲ್ಲ. ಕರುಳಿನಲ್ಲಿ ಪಿತ್ತರಸ ಇದೆ, ಅದರ ಲವಣಗಳು ಸೋಪಿನಂತೆ ಪೊರೆಯನ್ನೇ ಕರಗಿಸುತ್ತವೆ. ಎಕ್ರ್‌ಬಿ ಇಲ್ಲದ ಇ. ಕೋಲಿ ಪಿತ್ತಲವಣ ಹಾಕಿದ ಪ್ಲೇಟಿನಲ್ಲಿ ಬೆಳೆಯಲು ಒದ್ದಾಡುತ್ತದೆ. ಕರುಳಿನಲ್ಲಿ ಬದುಕಲು ಬೇಕಾದ ಸಾಧನವೇ ಆಂಟಿಬಯೋಟಿಕ್‌ಗಳನ್ನೂ ಹೊರಗೆ ಹಾಕುತ್ತಿದೆ.

ಇನ್ನೊಂದು ಉಪಾಯ ಒಳಬರುವ ದಾರಿಯನ್ನೇ ಕಿರಿದು ಮಾಡುವುದು. ಹೊರಪೊರೆಯಲ್ಲಿ ಪೋರಿನ್ ಎಂಬ ಕೊಳವೆಗಳಿವೆ. ಆಹಾರದ ಸಣ್ಣ ಅಣುಗಳು ಅಲ್ಲಿಂದ ಬರುತ್ತವೆ, ಎಷ್ಟೋ ಔಷಧಗಳೂ ಅಲ್ಲಿಂದಲೇ ನುಸುಳುತ್ತವೆ. ಇ. ಕೋಲಿಗೆ ಇದರಲ್ಲಿ ಎರಡು ಬಗೆ: ತುಸು ಅಗಲದ ಆಂಪ್‌ಎಫ್, ತುಸು ಕಿರಿದಾದ ಆಂಪ್‌ಸಿ. ಸುತ್ತಲ ನೀರಿನಲ್ಲಿ ಕರಗಿದ ವಸ್ತುಗಳ ಸಾಂದ್ರತೆ ಹೆಚ್ಚಿದ್ದರೆ ಒಳಪೊರೆಯ ಎನ್ವ್‌ಝಡ್ ಎಂಬ ಪ್ರೋಟೀನು ಅದನ್ನು ಗ್ರಹಿಸಿ ಒಳಗೆ ಸುದ್ದಿ ಮುಟ್ಟಿಸುತ್ತದೆ, ಆಗ ಕಿರಿದಾದದ್ದು ಜಾಸ್ತಿ ತಯಾರಾಗುತ್ತದೆ. ಕರುಳಿನಲ್ಲಿ ಇದೇ ಅನುಕೂಲ. ಊಟ ಯಥೇಚ್ಛ ಸಿಗುತ್ತದೆ, ಪಿತ್ತಲವಣ ಒಳಗೆ ಬರುವುದು ಕಡಿಮೆಯಾಗುತ್ತದೆ. ಹೊರಗಿನ ತೆಳುನೀರಿನಲ್ಲಿ ಊಟ ಕಡಿಮೆ, ಅಲ್ಲಿ ಅಗಲದ್ದೇ ಬೇಕು.

ಸ್ಯೂಡೊಮೊನಾಸ್ ಎಂಬ ಬ್ಯಾಕ್ಟೀರಿಯಾದಲ್ಲಿ ಇಮಿಪೆನೆಮ್ ಔಷಧ ಒಳಗೆ ಬರುವುದು ಒಪ್ರ್‌ಡಿ ಎಂಬ ಪೋರಿನ್ ಮೂಲಕ. ಆ ಪೋರಿನ್ ಕಳೆದುಕೊಂಡ ತಳಿಗಳಿಗೆ ಆ ಔಷಧ ನಾಟುವುದಿಲ್ಲ. ಆದರೆ ಕೆಲವು ಅಮೈನೋ ಆಮ್ಲಗಳು ಒಳಬರುವುದೂ ಅದೇ ದಾರಿಯಿಂದ. ಔಷಧದಿಂದ ಪಾರಾಗಲು ಊಟದ ಒಂದು ದಾರಿಯನ್ನೇ ಬಿಟ್ಟುಕೊಟ್ಟ ಹಾಗಾಯಿತು. ಇದನ್ನು ಗೆಲುವು ಅಂತ ಮಾತ್ರ ಬರೆಯುವ ಲೇಖನಗಳನ್ನು ನಾನು ಒಪ್ಪುವುದಿಲ್ಲ. ತೆತ್ತ ಬೆಲೆಯನ್ನೂ ಹೇಳಬೇಕು.

ಪ್ರಶ್ನೆ: ಬ್ಯಾಕ್ಟೀರಿಯಾಗೆ ಆಹಾರ ಯಾವ ದಿಕ್ಕಿನಲ್ಲಿದೆ ಅಂತ ಹೇಗೆ ಗೊತ್ತಾಗುತ್ತದೆ? ಅದರ ತಲೆಗೂ ಬಾಲಕ್ಕೂ ದೂರವೇ ಇಲ್ಲವಲ್ಲ?

ಉತ್ತರ: ಒಳ್ಳೆಯ ಪ್ರಶ್ನೆ. ಅಷ್ಟು ಚಿಕ್ಕ ಮೈಯಲ್ಲಿ ಎರಡು ತುದಿಗಳ ವ್ಯತ್ಯಾಸ ಅಳೆದು ಪ್ರಯೋಜನವಿಲ್ಲ. ಇ. ಕೋಲಿ ಹೋಲಿಸುವುದು ಈಗಿನದನ್ನು, ಕೆಲವು ಸೆಕೆಂಡು ಹಿಂದಿನದರ ಜೊತೆ.

ಕೋಶದ ತುದಿಯ ಪೊರೆಯಲ್ಲಿ ಸಾವಿರಾರು ಗ್ರಾಹಕ ಪ್ರೋಟೀನುಗಳು ಗುಂಪಾಗಿ ಕೂತಿರುತ್ತವೆ. ಆಹಾರದ ಅಮೈನೋ ಆಮ್ಲಗಳಲ್ಲಿ ಟಾರ್ ಎಂಬುದು ಆಸ್ಪರ್ಟೇಟನ್ನು ಗುರುತಿಸುತ್ತದೆ, ಟಿಎಸ್‌ಆರ್ ಎಂಬುದು ಸೆರಿನ್ನನ್ನು. ಇಂಥ ಗ್ರಾಹಕಗಳಿವೆ ಅಂತ 1960ರ ದಶಕದಲ್ಲಿ ತೋರಿಸಿಕೊಟ್ಟವರು ಜೂಲಿಯಸ್ ಆಡ್ಲರ್. ಹೊವರ್ಡ್ ಬರ್ಗ್ ಈಜುವ ಒಂದೊಂದೇ ಬ್ಯಾಕ್ಟೀರಿಯಾವನ್ನು ಹಿಂಬಾಲಿಸುವ ಸೂಕ್ಷ್ಮದರ್ಶಕ ಕಟ್ಟಿ, ಡಗ್ಲಸ್ ಬ್ರೌನ್ ಜೊತೆ 1972ರಲ್ಲಿ ಅದರ ನಡೆಯನ್ನು ವಿವರಿಸಿದರು. ಸುಮಾರು ಒಂದು ಸೆಕೆಂಡು ನೇರ ಓಟ, ಆಮೇಲೆ ಅರೆಗಳಿಗೆ ಪಲ್ಟಿ, ಮತ್ತೆ ಯಾವುದೋ ದಿಕ್ಕಿಗೆ ಓಟ. ಆಹಾರ ಹೆಚ್ಚುತ್ತಿದ್ದರೆ ಪಲ್ಟಿ ತಡವಾಗುತ್ತದೆ, ಓಟ ಉದ್ದವಾಗುತ್ತದೆ. ದಿಕ್ಕನ್ನು ಅದು ಆರಿಸುವುದೇ ಇಲ್ಲ, ಆದರೂ ಆಹಾರದ ಕಡೆಗೆ ಸರಿಯುತ್ತದೆ.

ನಿಮ್ಮ ಕಾಲೇಜಿನಲ್ಲಿ ಒಳ್ಳೆಯ ಸೂಕ್ಷ್ಮದರ್ಶಕ ಇದ್ದರೆ ಈ ಓಟ, ಪಲ್ಟಿ ಎರಡನ್ನೂ ನೀವೇ ನೋಡಬಹುದು. ರೋಗ ತರದ ತಳಿಯನ್ನೇ ಬಳಸಿ, ಉಪನ್ಯಾಸಕರು ಜೊತೆಗಿರಲಿ. ಹೊಸದಾಗಿ ಬೆಳೆಸಿದ ದ್ರವದ ಒಂದು ಹನಿ ಸಾಕು. ಹಳೆಯದಾದರೆ ಈಜುವುದನ್ನು ನಿಲ್ಲಿಸಿಬಿಡುತ್ತವೆ.